ಹಪ್ಪಳದ ಡಬ್ಬಿಯ ಪಾಠ

ಆಷಾಢದ ಜಡಿಮಳೆಯಲ್ಲಿಯೂ ಹಪ್ಪಳ ಮೆತ್ತಗಾಗದಂತೆ ಕಾಪಾಡುವ ಜಾಣ್ಮೆ ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಬಿಸಿಲಿನಲ್ಲಿ ಒಣಗಿಸಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಅದು ಬಹುಕಾಲ ಕೆಡದು. ಆದರೆ ಅದೇ ಮನೆಯ ಯಜಮಾನರು ಸಾವಿರಾರು ರೂಪಾಯಿ ತೆತ್ತು ತಂದ ಕ್ಯಾಮೆರಾ ಮಸೂರವನ್ನು ತೊಗಲಿನ ಚೀಲಕ್ಕೆ ಸೇರಿಸಿ, ಬೀರುವಿನ ಮೂಲೆಯಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ದೀಪಾವಳಿಗೆ ಹೊರತೆಗೆದು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂತಹ ಎಳೆಗಳು! ಅದೇ ಬೂಷ್ಟು.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲೆಲ್ಲ ಇರುವಂಥವು. ತೇವ, ಕತ್ತಲೆ, ಚಲನೆಯಿಲ್ಲದ ಗಾಳಿ, ಈ ಮೂರೂ ಕೂಡಿದಲ್ಲಿ ಅವು ಸುಲಭವಾಗಿ ಮೊಳೆಯುತ್ತವೆ. ಬೆರಳಿನ ಜಿಡ್ಡು ಮತ್ತು ಧೂಳು ಅವುಗಳಿಗೆ ಆಹಾರ. ಗಾಳಿಯ ಆರ್ದ್ರತೆ ಶೇಕಡಾ 60-70ನ್ನು ಮೀರಿ ಬಹುದಿನ ನಿಂತರೆ ಅಪಾಯ ತಪ್ಪದು. ಮಂಗಳೂರಿನ ಮಳೆಗಾಲದಲ್ಲಿ ಅದು ಸಾಮಾನ್ಯವಾಗಿ 80ಕ್ಕೂ ಮೇಲಿರುತ್ತದೆ. ತೊಗಲು ತೇವವನ್ನು ಹೀರಿ ಹಿಡಿದಿಡುವುದರಿಂದ ಆ ಚೀಲವೇ ಬೂಷ್ಟಿನ ತೊಟ್ಟಿಲಾಗುತ್ತದೆ. ಬೂಷ್ಟು ಒಮ್ಮೆ ಗಾಜಿನ ಮೇಲಿನ ಲೇಪವನ್ನು ತಿಂದಿತೆಂದರೆ, ಎಷ್ಟು ಒರೆಸಿದರೂ ಆ ಕಲೆ ಹೋಗದು.

ಇದಕ್ಕೆ ಪರಿಹಾರ ಅಡುಗೆಮನೆಯಲ್ಲಿಯೇ ಇದೆ. ಮುಚ್ಚಳಕ್ಕೆ ರಬ್ಬರಿನ ಸುತ್ತುಳ್ಳ ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಆರಿಸಿಕೊಳ್ಳಬೇಕು. ಒಳಗೆ ಒಣ ಕಾಗದವಿಟ್ಟು, ಮುಚ್ಚಿ, ಕ್ಷಣಕಾಲ ನೀರಿನಲ್ಲಿ ಅದ್ದಿದರೆ ಅದರ ಬಿಗಿ ತಿಳಿಯುತ್ತದೆ. ಸುಮಾರು 100 ಗ್ರಾಂ ಸಿಲಿಕಾ ಜೆಲ್ ಹರಳುಗಳನ್ನು ತೆಳುವಾದ ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡಬೇಕು. ಬಣ್ಣದ ಹರಳುಗಳು ತೇವ ಹೀರಿದಾಗ ಬಣ್ಣ ಬದಲಿಸಿ ಎಚ್ಚರಿಸುತ್ತವೆ. ಆಗ ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿ, ಆರಿದ ಮೇಲೆ ಮರಳಿ ಬಳಸಬಹುದು. ನೀಲಿ ಹರಳುಗಳಲ್ಲಿ ವಿಷಕಾರಿಯಾದ ಕೋಬಾಲ್ಟ್ ಲವಣವಿರುವುದರಿಂದ ಅವು ಮಕ್ಕಳ ಕೈಗೆ ಸಿಗಬಾರದು. ಚಿಕ್ಕದೊಂದು ಆರ್ದ್ರತಾಮಾಪಕವನ್ನು ಜೊತೆಗಿಟ್ಟು, ಅಂಕಿ 40ರಿಂದ 50ರೊಳಗೆ ಇರುವಂತೆ ನೋಡಿಕೊಂಡರೆ ಸಾಕು.

ಹಲವರು ಅಕ್ಕಿಯನ್ನು ನೆಚ್ಚುತ್ತಾರೆ. ಅದು ಹೀರುವ ತೇವ ಅಲ್ಪ. ಅದರ ಹಿಟ್ಟಿನ ಪುಡಿಯೋ ಮಸೂರಕ್ಕೆ ಶತ್ರು. ನುಸಿಗುಳಿಗೆ ಬಟ್ಟೆಯ ಹುಳುವನ್ನು ದೂರವಿಡಬಹುದೇ ಹೊರತು ತೇವವನ್ನು ಹೀರದು.

ಪ್ರಯಾಣಕ್ಕೂ ಮನೆಯ ಸಾಧನವೇ ಸಾಕು. ಅಗಲ ಬಾಯಿಯ ಪ್ಲಾಸ್ಟಿಕ್ ಭರಣಿಯ ತಳಕ್ಕೂ ಸುತ್ತಲೂ ಸ್ಪಂಜಿನ ಹಾಳೆ ಹೊಂದಿಸಿ, ಎರಡೂ ತುದಿಗೆ ಮುಚ್ಚಳ ತೊಡಿಸಿದ ಮಸೂರವನ್ನು ಅಲುಗದಂತೆ ಇಳಿಸಬೇಕು. ಹಳೆಯ ಹತ್ತಿಸೀರೆಯನ್ನು ಮೂರು ಪದರ ಮಡಿಸಿ ಹೊಲಿದ ಸಂಚಿಯೂ ಒಳ್ಳೆಯದೇ. ಆದರೆ ಅದು ನೆನೆದರೆ ಪೂರ್ತಿ ಒಣಗದ ಹೊರತು ಮಸೂರವನ್ನು ಅದರಲ್ಲಿಡಬಾರದು. ಸಾಧಾರಣ ಕೈಚೀಲದೊಳಗೆ ಇಂತಹ ಭರಣಿಯಿದ್ದರೆ ರೈಲಿನಲ್ಲಿ ಕಳ್ಳನ ಕಣ್ಣೂ ಅತ್ತ ಹೊರಳದು. ನಿಲ್ಲಿಸಿದ ಕಾರಿನ ಬಿಸಿಗೆ ಮಾತ್ರ ಅದನ್ನು ಬಿಟ್ಟುಹೋಗಬಾರದು.

ಮಳೆಗಾಲ ಮುಗಿಯುವವರೆಗೆ ಕ್ಯಾಮೆರಾವನ್ನು ಮರೆತುಬಿಡುವುದೂ ಸಲ್ಲದು. ವಾರಕ್ಕೊಮ್ಮೆ ಮಸೂರವನ್ನು ಹೊರತೆಗೆದು ನಾಲ್ಕು ಚಿತ್ರ ತೆಗೆದರೆ ಅದಕ್ಕೂ ಗಾಳಿ ಬೆಳಕು ದೊರೆಯುತ್ತದೆ. ಕೆಟ್ಟ ಮಸೂರಕ್ಕೆ ಬದಲು ಇನ್ನೊಂದನ್ನು ಹಣ ಕೊಟ್ಟು ತರಬಹುದು. ಆದರೆ ಅದರ ಮಬ್ಬಿನಲ್ಲಿ ಮಸುಕಾದ ಮೊಮ್ಮಗಳ ಮೊದಲ ಹುಟ್ಟುಹಬ್ಬವನ್ನು ಯಾವ ಅಂಗಡಿಯಿಂದ ತರುವುದು?