ದುಡಿಮೆ ತಾಲ್ಲೂಕಿನದು, ಬೆಳವಣಿಗೆ ಬಡಾವಣೆಯದು

ಕಲಬುರಗಿಯಿಂದ ಆಳಂದ, ಅಫಜಲಪುರ, ಜೇವರ್ಗಿಯತ್ತ ಹೋಗುವ ರಸ್ತೆಗಳ ಇಕ್ಕೆಲಗಳಲ್ಲಿ ನಗರ ರಿಂಗ್ ರೋಡ್ ದಾಟಿ ಬೆಳೆದಿದೆ. ತೊಗರಿ ಬೆಳೆಯುತ್ತಿದ್ದ ಎರೆಹೊಲಗಳು ಎನ್‌ಎ (ಕೃಷಿಯೇತರ ಭೂಮಿ) ಆಗಿ, ಪ್ಲಾಟುಗಳಾಗಿ, ಈಗ ಎರಡಂತಸ್ತಿನ ಮನೆಗಳಾಗಿವೆ. ಇದನ್ನು ನಗರದ ಪ್ರಗತಿ ಎಂದಷ್ಟೇ ಕರೆದರೆ ಅರ್ಧ ಸತ್ಯ ಹೇಳಿದಂತೆ. ಈ ಬಡಾವಣೆಗಳಿಗೆ ಹರಿದುಬರುತ್ತಿರುವುದರಲ್ಲಿ ಆ ಮೂರು ತಾಲ್ಲೂಕುಗಳ ಜನ ಮತ್ತು ಹಣದ ಪಾಲು ದೊಡ್ಡದು.

ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಈ ಮೂರನ್ನೂ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಆಮೇಲೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆಯೂ ಆಯಿತು. ಆದರೂ ರಾಜ್ಯದ ಆರ್ಥಿಕ ಸಮೀಕ್ಷೆಗಳ ತಲಾ ಆದಾಯದ ಪಟ್ಟಿಯಲ್ಲಿ ಕಲಬುರಗಿ ಜಿಲ್ಲೆ ತಳದಲ್ಲೇ ಉಳಿದಿದೆ.

ತಾಲ್ಲೂಕು ಬಿಡುವವರಲ್ಲಿ ಎರಡು ಬಗೆ. ಮೊದಲನೆಯವರು ಸಂಬಳದಾರರು, ಭೀಮಾ ದಂಡೆಯಲ್ಲಿ ಕಬ್ಬು ಬೆಳೆಯುವ ನೀರಾವರಿ ರೈತರು. ಮಕ್ಕಳ ಇಂಗ್ಲಿಷ್ ಮಾಧ್ಯಮ ಶಾಲೆಗಾಗಿ, ಪಿಯು ವಿಜ್ಞಾನಕ್ಕಾಗಿ, ನೀಟ್ ಕೋಚಿಂಗ್‌ಗಾಗಿ ಇವರು ಕಲಬುರಗಿಯಲ್ಲಿ ಮನೆ ಮಾಡುತ್ತಾರೆ. ಬೆಳಿಗ್ಗೆ ಕಲಬುರಗಿಯಿಂದ ಜೇವರ್ಗಿಗೆ ಹೊರಡುವ ಬಸ್ಸು ನೋಡಿ: ಟಿಫಿನ್ ಡಬ್ಬಿ ಹಿಡಿದ ಶಿಕ್ಷಕರು, ಗುಮಾಸ್ತರು, ನರ್ಸುಗಳು. ಸಂಜೆ ಅದೇ ಜನ ವಾಪಸ್. ಈ ‘ಅಪ್‌-ಡೌನ್’ ನೌಕರರ ಸಂಬಳ ಹುಟ್ಟುವುದು ಜೇವರ್ಗಿಯಲ್ಲಿ. ಮನೆ ಬಾಡಿಗೆ, ಶಾಲೆ ಫೀಸು, ಕಿರಾಣಿ, ಆಸ್ಪತ್ರೆಯ ಖರ್ಚೆಲ್ಲ ಕಲಬುರಗಿಯಲ್ಲಿ. ಸರ್ಕಾರಿ ಶಾಲೆಯ ಶಿಕ್ಷಕರ ಮಕ್ಕಳೇ ಊರಲ್ಲಿ ಓದದಿದ್ದಾಗ ಆ ಶಾಲೆಗಾಗಿ ಗಟ್ಟಿಯಾಗಿ ಕೇಳುವವರೂ ಇಲ್ಲವಾಗುತ್ತಾರೆ.

ಎರಡನೆಯವರು ಗುಳೆ ಹೋಗುವವರು. ಮಳೆಯಾಶ್ರಿತ ತೊಗರಿ ವರ್ಷಕ್ಕೊಂದೇ ಬೆಳೆ. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದರೆ ಕೂಲಿಯೂ ಮುಗಿಯಿತು. ಆಮೇಲೆ ಕಟ್ಟಡ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. ಮುಂಗಾರಿಗೆ ಮರಳುತ್ತಾರೆ. ತಾಂಡಾಗಳಲ್ಲಿ ಅಷ್ಟೂ ತಿಂಗಳು ಉಳಿಯುವವರು ಮುದುಕರು, ಸಣ್ಣ ಮಕ್ಕಳು.

ಹೀಗೆ ಉಳ್ಳವರು ಬಡಾವಣೆಗೆ, ಇಲ್ಲದವರು ಗುಳೆಗೆ ಹೋದರೆ ತಾಲ್ಲೂಕಿನಲ್ಲಿ ಕೊಳ್ಳುವವರೂ ದುಡಿಯುವವರೂ ಕಡಿಮೆಯಾಗುತ್ತಾರೆ. ಈ ಬದಲಾವಣೆಯನ್ನು ನಮ್ಮ ಲೆಕ್ಕಗಳು ಸರಿಯಾಗಿ ಹಿಡಿಯುತ್ತಿಲ್ಲ. ಜಿಲ್ಲೆಯ ತಲಾ ಆದಾಯ ನಗರವನ್ನೂ ತಾಂಡಾವನ್ನೂ ಒಂದೇ ಸರಾಸರಿಗೆ ಕಲಸುತ್ತದೆ. 2011ರ ನಂತರ ಜನಗಣತಿಯೇ ನಡೆದಿಲ್ಲ. ಮುಂದಿನದರ ಜನಸಂಖ್ಯಾ ಎಣಿಕೆ ನಿಗದಿಯಾಗಿರುವುದು 2027ರ ಫೆಬ್ರುವರಿಗೆ. ರಾಶಿ ಮುಗಿದು ಗುಳೆ ಶುರುವಾದ ಹೊತ್ತು ಅದು. ಎಣಿಕೆಯ ಅವಧಿಯುದ್ದಕ್ಕೂ ಊರಲ್ಲಿಲ್ಲದವರು ಊರಿನ ಲೆಕ್ಕಕ್ಕೆ ಸಿಗುವುದಿಲ್ಲ. ಜನಗಣತಿ ಆದಾಯವನ್ನಂತೂ ಕೇಳುವುದೇ ಇಲ್ಲ.

ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯಲು ಸರ್ಕಾರ 2024ರಲ್ಲಿ ಎಂ. ಗೋವಿಂದರಾವ್ ಸಮಿತಿ ರಚಿಸಿತು. ಅಳತೆ ತಾಲ್ಲೂಕಿಗೇ ನಿಲ್ಲದೆ ಗ್ರಾಮ ಪಂಚಾಯಿತಿಗೆ, ನಗರದ ವಾರ್ಡಿಗೆ ಇಳಿಯಬೇಕು. ಯಾರು ಬಿಟ್ಟುಹೋದರು, ಎಲ್ಲಿಗೆ, ಯಾಕೆ ಎಂಬ ವಲಸೆ ದಾಖಲೆಯನ್ನು ಪಂಚಾಯಿತಿಗಳು ವರ್ಷಕ್ಕೆರಡು ಬಾರಿ ಬರೆದಿಡಬೇಕು. ಮಂಡಳಿಯ ಹಣ ಸಿ.ಸಿ. ರಸ್ತೆ, ಸಮುದಾಯ ಭವನಗಳಿಗಿಂತ ಮೊದಲು ತಾಲ್ಲೂಕು ಕೇಂದ್ರಗಳ ಪಿಯು ವಿಜ್ಞಾನ ಕಾಲೇಜು, ಲ್ಯಾಬು, ಸಿಬ್ಬಂದಿ ವಸತಿಗೆ ಹೋಗಬೇಕು. ರಾಶಿ ಮುಗಿದ ತಿಂಗಳುಗಳಲ್ಲೇ ಉದ್ಯೋಗ ಖಾತರಿ ಕೆಲಸ ಶುರುವಾಗಬೇಕು, ಕೂಲಿ ತಡವಾಗದೆ ಕೈಸೇರಬೇಕು.

ಕಲಬುರಗಿ ಬೆಳೆಯಲಿ. ಆದರೆ ಆಳಂದದ ಹುಡುಗಿ ವಿಜ್ಞಾನ ಓದಲು ಮನೆ ಬಿಡಲೇಬೇಕು, ಅಫಜಲಪುರದ ಕೂಲಿಕಾರ ಹೊಟ್ಟೆಗಾಗಿ ರಾಜ್ಯವನ್ನೇ ಬಿಡಬೇಕು ಎಂಬ ಸ್ಥಿತಿ ಇರುವವರೆಗೆ ರಿಂಗ್ ರೋಡಿನಾಚೆಯ ಮನೆಗಳನ್ನು ತೋರಿಸಿ ಹಿಂದುಳಿದಿರುವಿಕೆ ನೀಗಿತೆನ್ನುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.