ನಕಲು ಮಾಡಲೆಂದೇ ಬರೆದ ಥೀಮ್

ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ಕಟ್ಟುವವರಿಗೆ ಪ್ರತಿ ಹೊಸ ತಾಣಕ್ಕೂ ನಕಲು ಮಾಡಿಕೊಂಡು ಕೆಲಸ ಆರಂಭಿಸುವ ಸ್ವಂತದ ಸ್ಟಾರ್ಟರ್ ಥೀಮ್ ಇನ್ನು ಬೇಕಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ಸಾವಿರಾರು ಸಿದ್ಧ ಥೀಮ್‌ಗಳಿವೆ, ಎಳೆದು ತಂದು ಕೂರಿಸುವ ಪೇಜ್ ಬಿಲ್ಡರ್‌ಗಳಿವೆ, ಹೊಸದಾಗಿ ಬರೆಯುವ ಶ್ರಮವೇಕೆ ಎಂಬುದು ಅದರ ಹಿಂದಿನ ತರ್ಕ. ಸ್ಟಾರ್ಟರ್ ಥೀಮ್ ಎಂದರೆ ಸಮಯ ಉಳಿಸುವ ಉಪಾಯ ಮಾತ್ರ ಎಂದುಕೊಂಡವರ ತರ್ಕವಿದು. ಆದರೆ ಪ್ರತಿ ತಾಣದಲ್ಲೂ ಇರಲೇಬೇಕಾದದ್ದು ಯಾವುದು, ಇರಕೂಡದ್ದು ಯಾವುದು ಎಂಬ ತೀರ್ಮಾನಗಳು ಒಂದೆಡೆ ಬರಹಕ್ಕಿಳಿಯುವುದು ಅಲ್ಲಿಯೇ; ಅದರ ಬೆಲೆಯೂ ಅಲ್ಲಿಯೇ ಇದೆ.

2005ರಲ್ಲಿ ಬಂದ 1.5ನೇ ಆವೃತ್ತಿ ವರ್ಡ್‌ಪ್ರೆಸ್‌ಗೆ ಥೀಮ್ ವ್ಯವಸ್ಥೆಯನ್ನು ತಂದಿತು. ಹಳೆಯ ಬಗೆಯ ಥೀಮಿಗೆ ಕಡ್ಡಾಯವಾಗಿ ಬೇಕಾದ ಕಡತಗಳು ಎರಡೇ: ಸ್ಟೈಲ್ ಸಿಎಸ್‌ಎಸ್ ಮತ್ತು ಇಂಡೆಕ್ಸ್ ಪಿಎಚ್‌ಪಿ. ಓದುಗ ಒಂದು ಲೇಖನ ತೆರೆದಾಗ ವರ್ಡ್‌ಪ್ರೆಸ್ ಮೊದಲು ‘ಸಿಂಗಲ್’ ಟೆಂಪ್ಲೇಟನ್ನು ಹುಡುಕುತ್ತದೆ, ಸಿಗದಿದ್ದರೆ ‘ಸಿಂಗ್ಯುಲರ್’, ಅದೂ ಇಲ್ಲದಿದ್ದರೆ ಇಂಡೆಕ್ಸ್. ಈ ಏರ್ಪಾಡಿನಿಂದಾಗಿ ಆರಂಭದ ಥೀಮ್ ಎಷ್ಟು ಚಿಕ್ಕದಿದ್ದರೂ ತಾಣ ನಿಲ್ಲುತ್ತದೆ. ಸಿದ್ಧ ಥೀಮ್ ಎಲ್ಲರಿಗೂ ಮಾರಾಟವಾಗಬೇಕು, ಹಾಗಾಗಿ ಯಾರೂ ಕೇಳದ ಸ್ಲೈಡರ್, ಹತ್ತಾರು ಫಾಂಟ್, ನೂರಾರು ಆಯ್ಕೆಗಳನ್ನು ಹೊತ್ತು ಬರುತ್ತದೆ. ಬೇಡದ್ದನ್ನು ಕಿತ್ತು ಹಾಕುವ ಕೆಲಸ ಬೇಕಾದ್ದನ್ನು ಬರೆಯುವುದಕ್ಕಿಂತ ಕಷ್ಟ. ಗ್ರಾಹಕ ಕೋಡ್ ನೋಡುವುದಿಲ್ಲವಲ್ಲ ಎನ್ನುವವರು, ಮುಂದೆ ಅದನ್ನು ದುರಸ್ತಿ ಮಾಡುವವರನ್ನು ಮರೆತಿರುತ್ತಾರೆ.

ಸಿದ್ಧ ಥೀಮಿನ ತೊಂದರೆ ಕನ್ನಡ ತಾಣಗಳಲ್ಲಿ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡ ಥೀಮ್‌ಗಳಲ್ಲಿ ಶೀರ್ಷಿಕೆಯ ಸಾಲಂತರ ಅಕ್ಷರದ ಗಾತ್ರದ 1.1 ಅಥವಾ 1.2ರಷ್ಟಿರುವುದು ಸಾಮಾನ್ಯ. ಲ್ಯಾಟಿನ್ ಲಿಪಿಗೆ ಅದು ಸೊಗಸು. ಕನ್ನಡದ ಶೀರ್ಷಿಕೆ ಎರಡು ಸಾಲಿಗೆ ಇಳಿದರೆ ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತವೆ. ಚೌಕಟ್ಟಿನಾಚೆ ಚಾಚಿದ್ದನ್ನು ಮರೆಮಾಡುವ ಸಿಎಸ್‌ಎಸ್ ನಿಯಮವೂ ಜೊತೆಗಿದ್ದರೆ ಕೊನೆಯ ಸಾಲಿನ ಒತ್ತು ಅರ್ಧಕ್ಕೆ ತುಂಡಾಗುತ್ತದೆ. ಶೀರ್ಷಿಕೆ ಬಿಗಿಯಾಗಿ ಕಾಣಲೆಂದು ಅಕ್ಷರಗಳ ನಡುವಿನ ಅಂತರ ತಗ್ಗಿಸಿದ್ದರಂತೂ ಒಂದರ ಒತ್ತು ಪಕ್ಕದ್ದರ ಮೇಲೇರುತ್ತದೆ. ಕಣ್ಣಿಗೆ ಕಾಣದ ತಪ್ಪು ಇನ್ನೂ ಕೆಟ್ಟದ್ದು: ಹೆಡರ್‌ನಲ್ಲಿ ಪುಟದ ಭಾಷೆ ಇಂಗ್ಲಿಷ್ ಎಂದೇ ಉಳಿದರೆ, ದೃಷ್ಟಿಯಿಲ್ಲದ ಓದುಗರ ಸ್ಕ್ರೀನ್ ರೀಡರ್ ಕನ್ನಡ ಪಠ್ಯವನ್ನು ಇಂಗ್ಲಿಷ್ ಧ್ವನಿಗೆ ಒಪ್ಪಿಸಬಹುದು. ಓದುಗರಿಗೆ ಆಗುವ ಈ ಅನ್ಯಾಯವನ್ನು ತಾಣದಿಂದ ತಾಣಕ್ಕೆ ತೇಪೆ ಹಚ್ಚುತ್ತಾ ಹೋಗುವುದಕ್ಕಿಂತ ಮೂಲದಲ್ಲೇ ಸರಿಪಡಿಸುವುದು ಲೇಸು.

ಗಂಭೀರವಾದ ಆಕ್ಷೇಪವೊಂದಿದೆ. ಸ್ಟಾರ್ಟರ್ ಥೀಮಿನಿಂದ ಇಪ್ಪತ್ತು ತಾಣ ಕಟ್ಟಿದ ಮೇಲೆ ಮೂಲದಲ್ಲಿ ಭದ್ರತೆಯ ಲೋಪ ಸಿಕ್ಕರೆ ಇಪ್ಪತ್ತು ಕಡೆ ತಿದ್ದಬೇಕು. ಎಲ್ಲ ತಾಣಗಳಿಗೂ ಒಂದೇ ಪೇರೆಂಟ್ ಥೀಮ್, ಅದರ ಕೆಳಗೆ ತಾಣಕ್ಕೊಂದು ಚೈಲ್ಡ್ ಥೀಮ್ ಎಂಬ ಪದ್ಧತಿಯಲ್ಲಾದರೆ ಒಂದು ಅಪ್‌ಡೇಟ್ ಸಾಕು. ವಾದ ಸರಿಯಾದದ್ದೇ. ಆದರೆ ಪೇರೆಂಟ್‌ನ ಟೆಂಪ್ಲೇಟನ್ನು ತಿದ್ದಲೆಂದು ಚೈಲ್ಡ್‌ಗೆ ನಕಲು ಮಾಡಿದ ಕ್ಷಣದಿಂದ ಆ ಕಡತಕ್ಕೆ ಅಪ್‌ಡೇಟ್ ತಲುಪುವುದಿಲ್ಲ. ಈ ಪದ್ಧತಿಯ ಇನ್ನೊಂದು ತೊಡಕನ್ನು, ವರ್ಡ್‌ಪ್ರೆಸ್‌ನಂತೆಯೇ ತಾಣ ಕಟ್ಟುವ ತಂತ್ರಾಂಶವಾದ ಡ್ರೂಪಲ್ ಅನುಭವಿಸಿತು. 2015ರ ಡ್ರೂಪಲ್ 8ರ ಜೊತೆ ಬಂದ ಕ್ಲಾಸಿ ಎಂಬ ಮೂಲ ಥೀಮನ್ನು ಆಧರಿಸಿ ಅಸಂಖ್ಯ ಥೀಮ್‌ಗಳು ನಿಂತವು. ಅದರ ಮಾರ್ಕಪ್ ಮುಟ್ಟಿದರೆ ಅವೆಲ್ಲ ಕೆಡುವ ಭಯವಿದ್ದುದರಿಂದ ಅದನ್ನು ಸುಧಾರಿಸುವಂತೆಯೇ ಇರಲಿಲ್ಲ. 2022ರ ಡ್ರೂಪಲ್ 10 ಕ್ಲಾಸಿಯನ್ನು ಕೋರ್‌ನಿಂದ ಹೊರಗಿಟ್ಟಿತು. ಅದರ ಸ್ಥಾನಕ್ಕೆ ಬಂದ ಸ್ಟಾರ್ಟರ್‌ಕಿಟ್, ಆಜ್ಞೆಯೊಂದನ್ನು ಕೊಟ್ಟರೆ ಹೊಸ ಹೆಸರಿನ ಸ್ವತಂತ್ರ ಪ್ರತಿಯನ್ನು ತಯಾರಿಸಿ ಕೊಡುತ್ತದೆ. ವರ್ಡ್‌ಪ್ರೆಸ್‌ಗಾಗಿ ಆಟೊಮ್ಯಾಟಿಕ್ ಕಂಪನಿ 2012ರಲ್ಲಿ ಹೊರತಂದ ಸ್ಟಾರ್ಟರ್ ಥೀಮ್ ಅಂಡರ್‌ಸ್ಕೋರ್ಸ್ ಕೂಡ ತನ್ನನ್ನು ಪೇರೆಂಟ್ ಥೀಮ್ ಆಗಿ ಬಳಸಬೇಡಿ ಎಂದು ತನ್ನ ಪರಿಚಯದಲ್ಲೇ ಹೇಳಿಕೊಂಡಿತ್ತು. ಎಲ್ಲ ತಾಣಗಳಲ್ಲೂ ಒಟ್ಟಿಗೆ ತಿದ್ದಬೇಕಾಗಬಹುದಾದ ಫಾರ್ಮ್, ಹೊಸ ಬಗೆಯ ಬರಹಗಳ ನೋಂದಣಿಯಂಥವು ಪ್ಲಗಿನ್‌ನಲ್ಲಿರಬೇಕು. ಥೀಮಿನಲ್ಲಿ ಉಳಿಯಬೇಕಾದದ್ದು ನೋಟ ಮಾತ್ರ. ಹೀಗೆ ವಿಂಗಡಿಸಿದರೆ ಇಪ್ಪತ್ತು ಕಡೆ ತಿದ್ದುವ ಭಯ ಬಹುಮಟ್ಟಿಗೆ ಕರಗುತ್ತದೆ.

2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9 ಬ್ಲಾಕ್ ಥೀಮ್‌ಗಳಿಗೆ ದಾರಿ ತೆರೆದ ಮೇಲೆ, ಅವುಗಳಲ್ಲಿ ಪಿಎಚ್‌ಪಿ ಟೆಂಪ್ಲೇಟ್‌ಗಳ ಸ್ಥಾನಕ್ಕೆ ಎಚ್‌ಟಿಎಂಎಲ್ ಕಡತಗಳು ಬಂದಿವೆ. ಬಣ್ಣ, ಅಕ್ಷರದ ಗಾತ್ರ, ಸಾಲಂತರಗಳು ಥೀಮ್ ಜೇಸನ್ ಎಂಬ ಒಂದೇ ಕಡತದಲ್ಲಿ ನಿರ್ಧಾರವಾಗುತ್ತವೆ. ಇದರಿಂದ ಸ್ಟಾರ್ಟರ್ ಥೀಮ್ ಇನ್ನಷ್ಟು ಚಿಕ್ಕದಾಯಿತೇ ಹೊರತು ತೀರ್ಮಾನಿಸುವ ಹೊಣೆ ತಪ್ಪಲಿಲ್ಲ. ಸಂಪಾದಕರಿಗೆ ಮನಬಂದ ಬಣ್ಣ, ಮನಬಂದ ಗಾತ್ರ ಆರಿಸುವ ಸೌಲಭ್ಯವನ್ನು ವರ್ಡ್‌ಪ್ರೆಸ್ ತಾನಾಗಿಯೇ ತೆರೆದಿಡುತ್ತದೆ; ಅದನ್ನು ಮುಚ್ಚಿ ನಾಲ್ಕೈದು ಬಣ್ಣಗಳನ್ನಷ್ಟೇ ಕೊಡಬೇಕೇ ಎಂಬುದನ್ನು ತಾಣ ಕಟ್ಟುವವರೇ ಆ ಕಡತದಲ್ಲಿ ಬರೆಯಬೇಕು.