ಕಡಲ ವಿದ್ಯೆಯ ಕಾವಲುಗಾರರು

ನಾವು ಬಂಗುಡೆ ಎನ್ನುವ ಮೀನು ಮರಾಠಿಗರಿಗೆ ಬಾಂಗಡಾ, ಮಲಯಾಳಿಗಳಿಗೆ ಅಯಲ, ವಿಜ್ಞಾನಿಗಳಿಗೆ ರಾಸ್ಟ್ರೆಲ್ಲಿಗರ್ ಕನಗುರ್ಟ. ಯಾವ ಹೆಸರಿನಲ್ಲಿ ಕೇಳಿದರೂ ಸರಿಯಾದ ವರದಿಯನ್ನು ವಿದ್ಯಾರ್ಥಿಯ ಮುಂದಿಡಬಲ್ಲವರು ಕಡಲ ವಿಜ್ಞಾನ ಬಲ್ಲ ಗ್ರಂಥಪಾಲಕರು. ನಮ್ಮ ಮುಂಬಯಿಯ ವರ್ಸೋವಾದಲ್ಲಿ 1961ರಲ್ಲಿ ಆರಂಭವಾದ ಕೇಂದ್ರೀಯ ಮತ್ಸ್ಯ ಶಿಕ್ಷಣ ಸಂಸ್ಥೆ 1989ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಇಂತಹ ವಿದ್ಯಾಕೇಂದ್ರಗಳಲ್ಲಿ ಅಂಗಡಿಯಲ್ಲಿ ಸಿಗದ ಸಮೀಕ್ಷಾ ವರದಿ, ಹಳೆಯ ಅಂಕಿಅಂಶಗಳನ್ನು ಕಾಪಾಡುವುದು ಗ್ರಂಥಪಾಲಕರ ದೊಡ್ಡ ಹೊಣೆ. ಅವು ಕಳೆದುಹೋದರೆ ಹಿಂದೆ ಕಡಲಲ್ಲಿ ಎಷ್ಟು ಮೀನು ಸಿಗುತ್ತಿತ್ತು, ಈಗೇಕೆ ಕಡಿಮೆಯಾಯಿತು ಎಂದು ಹೇಳಲು ಆಧಾರವೇ ಇರುವುದಿಲ್ಲ.

ಈ ಹೊಣೆಯಲ್ಲಿ ನಮಗೂ ಪಾಲಿದೆ. ತುಳುನಾಡಿನ ಕರಾವಳಿಯಿಂದ ಬಂದ ಮೊಗವೀರ ಹಿರಿಯರು 1902ರಷ್ಟು ಹಿಂದೆಯೇ ಈ ನಗರದಲ್ಲಿ ತಮ್ಮ ಮಂಡಳಿ ಕಟ್ಟಿದರು. ಬಲೆ, ದೋಣಿ, ಗಾಳಿ, ನೀರಿನ ಬಗ್ಗೆ ಹಿರಿಯರ ಅನುಭವದ ಮಾತುಗಳು ನಮ್ಮ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳಲ್ಲಿದ್ದರೆ ಅವನ್ನು ಗೆದ್ದಲಿನ ಪಾಲು ಮಾಡಬಾರದು. ಪಟ್ಟಿ ಮಾಡಿ, ಒಂದೊಂದು ಪ್ರತಿಯನ್ನು ಇಂತಹ ಗ್ರಂಥಾಲಯಗಳಿಗೆ ತಲುಪಿಸಬೇಕು. ವಾರ್ಷಿಕೋತ್ಸವಗಳಿಗೆ ಶ್ರಮಿಸುವ ಸಂಘಗಳಿಗೆ ಇದು ಹೊರೆಯಲ್ಲ. ಮುಂದಿನ ಮಹಾಸಭೆಯಲ್ಲೇ ಇದಕ್ಕೊಂದು ಉಪಸಮಿತಿ ರಚನೆಯಾಗಲಿ.